ಚೀನಾಕ್ಕೆ ಹೊರಟವರು ಪಾಟರಿ ಟೌನ್‌ಗೆ

ದಸರಾ ರಜೆಯಲ್ಲಿ ನಮ್ಮ ಮನೆಯ ಉಪ್ಪಿನಕಾಯಿ ಜಾಡಿ ಒಡೆಯಿತು. ಒಡೆದವಳು ಮೊಮ್ಮಗಳು. ಆರನೇ ತರಗತಿಯ ಹುಡುಗಿ, ಇಂದಿರಾನಗರದಿಂದ ಕೆ.ಆರ್. ಪುರದ ನಮ್ಮ ಮನೆಗೆ ರಜೆ ಕಳೆಯಲು ಬಂದಿದ್ದಳು. ಕುರ್ಚಿ ಹತ್ತಿ ಅಟ್ಟದ ಮೇಲಿನ ಕೇರಂ ಬೋರ್ಡ್ ಇಳಿಸುವಾಗ ಮೊಣಕೈ ತಗುಲಿತು. ನಾವು ಮದುವೆಯಾದ ಹೊಸದರಲ್ಲಿ ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಕೊಂಡ ಜಾಡಿ ಅದು. ಭುಜದವರೆಗೆ ಕಂದು, ಕೆಳಗೆ ಕೆನೆ ಬಣ್ಣ. ನಲವತ್ತಕ್ಕೂ ಹೆಚ್ಚು ವರ್ಷ ಮಾವಿನಮಿಡಿಯ ಉಪ್ಪು ಕುಡಿದು ಗಟ್ಟಿಯಾಗಿತ್ತು ಎಂದು ನಾವು ನಂಬಿದ್ದೆವು. ನನ್ನಾಕೆ ಬಯ್ಯಲಿಲ್ಲ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದು ಹೇಳಿ ಪೊರಕೆ ತಂದಳು.

ಮೊಮ್ಮಗಳು ಅಳು ನಿಲ್ಲಿಸಿ ಒಂದು ಚೂರನ್ನು ಕೈಗೆತ್ತಿಕೊಂಡಳು. ಹೊರಮೈ ಗಾಜಿನ ಹಾಗೆ ಹೊಳೆಯುತ್ತಿದೆ, ಒಡೆದ ಅಂಚು ಮಾತ್ರ ಕಲ್ಲಿನ ಹಾಗೆ ಬೂದುಬಣ್ಣ. “ತಾತ, ಇದು ಚೀನಾದ್ದಾ? ಅಜ್ಜಿ ಇದನ್ನ ಚೀನೀ ಜಾಡಿ ಅಂತಿದ್ರು.” ಅಲ್ಲಮ್ಮ, ನಮ್ಮ ದೇಶದ್ದೇ, ವಿದ್ಯೆ ಮಾತ್ರ ಅವರದ್ದು ಎಂದೆ. ಅಲ್ಲಿಂದ ಶುರುವಾಯಿತು. ಸಂಜೆಯ ಹೊತ್ತಿಗೆ ಅವಳು ಮೊಬೈಲಿನಲ್ಲಿ ಜಿಂಗ್‌ಡೆಝೆನ್ ಎಂಬ ಊರಿನ ವಿಡಿಯೊಗಳನ್ನು ನೋಡಿ ಮುಗಿಸಿದ್ದಳು. ರಾತ್ರಿ ಊಟಕ್ಕೆ ಕೂತಾಗ ತೀರ್ಮಾನ ಹೊರಬಿತ್ತು: “ತಾತ, ನಾವು ಅಲ್ಲಿಗೆ ಹೋಗೋಣ. ನೀವೇ ಪ್ಲಾನ್ ಮಾಡಿ.”

ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನಿಗೆ ಪ್ಲಾನ್ ಮಾಡು ಎಂದರೆ ಮಗುವಿಗೆ ಮಿಠಾಯಿ ಕೊಟ್ಟಂತೆ. ಹಳೆಯ ಲೆಡ್ಜರಿನ ಖಾಲಿ ಹಾಳೆಯಲ್ಲಿ ಗೆರೆ ಎಳೆದು ಕಾಲಂ ಹಾಕಿದೆ. ಮೊದಲು ಊರಿನ ವಿವರ. ಜಿಂಗ್‌ಡೆಝೆನ್ ಇರುವುದು ಚೀನಾದ ಆಗ್ನೇಯಕ್ಕೆ, ಜಿಯಾಂಗ್‌ಶಿ ಪ್ರಾಂತ್ಯದಲ್ಲಿ. ಆ ಹೆಸರು ಬಂದದ್ದು 1004ರಲ್ಲಿ ಆರಂಭವಾದ ಜಿಂಗ್‌ಡೆ ಎಂಬ ರಾಜಶಕೆಯಿಂದ. ಆಗಿನಿಂದಲೂ ಅಲ್ಲಿ ಅರಮನೆಗೆ ಬೇಕಾದ ಪಿಂಗಾಣಿ ಸುಡುತ್ತಿದ್ದರು. ಹತ್ತಿರದಲ್ಲೇ ಗಾವೊಲಿಂಗ್ ಎಂಬ ಜಾಗವಿದೆ, ಅಲ್ಲಿನ ಬಿಳಿ ಮಣ್ಣೇ ಪಿಂಗಾಣಿಯ ಜೀವ. ನಮ್ಮ ವಿಜ್ಞಾನ ಪುಸ್ತಕಗಳಲ್ಲಿ ಬರುವ ‘ಕೆಯೊಲಿನ್’ ಎಂಬ ಪದ ಆ ಊರಿನ ಹೆಸರೇ. ಈ ಮಣ್ಣಿಗೆ ಒಂದು ಬಗೆಯ ಕಲ್ಲಿನ ಪುಡಿ ಬೆರೆಸಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟರೆ ಒಳಗೊಳಗೇ ಕರಗಿ ಗಾಜಿನಂತೆ ಬಿಗಿದುಕೊಳ್ಳುತ್ತದೆ. ನೀರು ಜಿನುಗುವುದಿಲ್ಲ, ತೆಳುವಾದ ಬಟ್ಟಲಾದರೆ ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಕಾಣುತ್ತದೆ. ಈ ಗುಟ್ಟು ತಿಳಿಯದೆ ಯುರೋಪಿನ ರಾಜರು ನೂರಾರು ವರ್ಷ ಚಿನ್ನ ಕೊಟ್ಟು ಬಟ್ಟಲು ಕೊಂಡರು. ಕಡೆಗೆ ಜರ್ಮನಿಯ ಮೈಸನ್‌ನಲ್ಲಿ ಅವರದೇ ಕಾರ್ಖಾನೆ ಶುರುವಾದದ್ದು 1710ರಲ್ಲಿ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. 1637ರಲ್ಲಿ ಸೊಂಗ್ ಯಿಂಗ್‌ಶಿಂಗ್ ಎಂಬ ವಿದ್ವಾಂಸ ಚೀನಾದ ಕಸುಬುಗಳ ಬಗ್ಗೆ ದೊಡ್ಡದೊಂದು ಪುಸ್ತಕ ಬರೆದ. ಒಂದು ಬಟ್ಟಲು ಪೂರ್ತಿಯಾಗಬೇಕಾದರೆ 72 ಕೈ ದಾಟಬೇಕು ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾನೆ. ಮಣ್ಣು ಸೋಸುವವನು ಬೇರೆ, ತಿರುಗಿಸುವವನು ಬೇರೆ, ಅಂಚು ಕೆರೆಯುವವನು ಬೇರೆ, ನೀಲಿ ಗೆರೆ ಎಳೆಯುವವನು ಬೇರೆ. ನಮ್ಮ ಬ್ಯಾಂಕಿನ ಕಡತ ಕೂಡ ಹೀಗೇ ಹೋಗುತ್ತಿತ್ತು ಎಂದೆ. “ಕೊನೆಗೆ ಬಟ್ಟಲು ಬರ್ತಿತ್ತಾ?” ಎಂದು ಮೊಮ್ಮಗಳು ಕೇಳಿದಳು.

ಎರಡನೇ ಕಾಲಂ ಪ್ರಯಾಣದ್ದು. ಬೆಂಗಳೂರಿನಿಂದ ಜಿಂಗ್‌ಡೆಝೆನ್‌ಗೆ ನೇರ ವಿಮಾನವಿಲ್ಲ, ಹಲವು ಕಡೆ ಇಳಿದು ಹತ್ತಬೇಕು. ವೀಸಾ ಬೇಕು. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದು ವರ್ಷಗಳಾಗಿವೆ. ಮೂರನೇ ಕಾಲಂ ಖರ್ಚಿನದು. ಅದನ್ನು ಕೂಡಿಸಿ ಮೊತ್ತ ಬರೆಯುವಾಗ ನನ್ನಾಕೆ ಹಿಂದೆ ನಿಂತಿದ್ದಳು. “ಇಷ್ಟು ದುಡ್ಡಿಗೆ ಎಷ್ಟು ಜಾಡಿ ಬರ್ತಾವೆ?” ಎಂದಳು. ಆಮೇಲೆ, ಬಹಳ ಸಹಜವಾಗಿ, “ಕುಂಬಾರರನ್ನ ನೋಡೋಕೆ ಅಷ್ಟು ದೂರ ಯಾಕೆ? ಕಂಟೋನ್ಮೆಂಟ್ ಸ್ಟೇಷನ್ ಹಿಂದೆ ಪಾಟರಿ ಟೌನ್ ಇಲ್ವಾ? ನೀವು ಅಲ್ಲೇ ಪಕ್ಕದಲ್ಲಿ ಅಷ್ಟು ವರ್ಷ ಕೆಲಸ ಮಾಡಿದ್ರಲ್ಲ. ಅಲ್ಲಿ ಹೇಗೆ ಮಾಡ್ತಾರೆ, ನೀವೇ ಹೇಳಿ ಅವಳಿಗೆ” ಎಂದಳು.

ನಾನು ಪೆನ್ನಿನ ಮುಚ್ಚಳ ಹಾಕಿದೆ. ಹೇಳಲು ನನಗೆ ಏನೂ ಗೊತ್ತಿರಲಿಲ್ಲ. ಪಾಟರಿ ರಸ್ತೆಯಲ್ಲಿ ದಿನಾ ಓಡಾಡಿದ್ದೇನೆ, ಒಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಕಾಲಿಡಬೇಕಾಗಿದ್ದ ಒಂದು ದಿನ ಕೂಡ ಇಡಲಿಲ್ಲ. ಅದನ್ನು ಮೊಮ್ಮಗಳಿಗೆ ಆಗ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ.

1980ರ ದಶಕದ ಆರಂಭದ ಮಾತು. ನಮ್ಮ ಶಾಖೆ ಕಂಟೋನ್ಮೆಂಟ್ ಭಾಗದಲ್ಲಿತ್ತು. ಆಗ ಡಿಆರ್‌ಐ ಎಂಬ ಸಾಲದ ಯೋಜನೆ ಇತ್ತು. 1972ರಲ್ಲಿ ಬಂದದ್ದು, ತೀರಾ ಬಡವರಿಗೆ ಶೇಕಡಾ 4ರ ಬಡ್ಡಿ. ಪಾಟರಿ ಟೌನಿನ ಒಬ್ಬ ಕುಂಬಾರ ಒಂದೂವರೆ ಸಾವಿರ ರೂಪಾಯಿ ಕೇಳಿ ಅರ್ಜಿ ಹಾಕಿದ್ದ. ಮಡಕೆ ಒಣಗಿಸುವ ಜಾಗಕ್ಕೆ ತಗಡಿನ ಮಾಡು ಹಾಕಿಸಬೇಕಂತೆ. ಹೋಗಿ ನೋಡಿ ದಾಸ್ತಾನು ಎಷ್ಟಿದೆ ಎಂದು ಬರೆದುಕೊಂಡು ಬಾ ಎಂದು ಅಧಿಕಾರಿ ನನಗೆ ಹೇಳಿದರು. ಶಾಖೆಯಿಂದ ಹತ್ತು ನಿಮಿಷದ ನಡಿಗೆ. ಅಂದು ಮಳೆ. ನಾನು ಹೋಗಲಿಲ್ಲ. ಮಾರನೆಯ ದಿನ ಅವನೇ ಕೌಂಟರಿಗೆ ಬಂದಾಗ, ದಾಸ್ತಾನು ಎಷ್ಟಿದೆಯಪ್ಪಾ ಎಂದು ಕೇಳಿದೆ. ನಾನೂರು ಮಡಕೆ ಇದಾವೆ ಸಾರ್, ಸುಟ್ಟಿಲ್ಲ ಎಂದ. ಬಿ.ಕಾಂ. ಓದಿದವನ ತಲೆ ತಕ್ಷಣ ಕೆಲಸ ಮಾಡಿತು: ಸುಡದ ಮಡಕೆ ಮಾರಾಟಕ್ಕೆ ಬಾರದು, ಮಾರಾಟಕ್ಕೆ ಬಾರದ್ದು ಮಣ್ಣು. ಫಾರಂನಲ್ಲಿ ‘ದಾಸ್ತಾನು: ಇಲ್ಲ’ ಎಂದು ಬರೆದೆ. ಅರ್ಜಿ ವಾಪಸಾಯಿತು. ಅವನು ಇನ್ನೆರಡು ಸಲ ಬಂದು ಕೇಳಿದ, ಆಮೇಲೆ ಬರಲಿಲ್ಲ. ಅವನ ಮುಖ ನನಗೆ ಈಗ ನೆನಪಿಲ್ಲ. ಹೆಬ್ಬೆಟ್ಟು ನೆನಪಿದೆ. ಗೆರೆಗೆರೆಯಲ್ಲೂ ಕೆಮ್ಮಣ್ಣು ಕೂತು, ಮಸಿಯ ಪ್ಯಾಡ್ ಬೇಕೇ ಇಲ್ಲ ಅನ್ನುವ ಹಾಗಿತ್ತು.

ಇರಲಿ. ಚೀನಾ ಪ್ರವಾಸ ರದ್ದಾಗಿಲ್ಲ, ಮುಂದೂಡಲಾಗಿದೆ ಎಂದು ಮೊಮ್ಮಗಳಿಗೆ ಹೇಳಿದೆ. ಮೊದಲು ಪಾಟರಿ ಟೌನ್. ಮಣ್ಣಿನ ಕೆಲಸ ಎಂದರೇನು ಎಂದು ಇಲ್ಲಿ ಕಂಡವರಿಗೆ ತಾನೇ ಅಲ್ಲಿ 72 ಕೈ ಏನು ಮಾಡುತ್ತವೆ ಎಂದು ಅರ್ಥವಾಗುವುದು? ಅವಳು ಒಪ್ಪಿದಳು, ಒಂದು ಷರತ್ತು ಹಾಕಿ: ಪ್ಲಾನ್ ಸರಿಯಾಗಿರಬೇಕು. ಆದ್ದರಿಂದ ಮೊದಲು ನಾನೊಬ್ಬನೇ ಹೋಗಿ ನೋಡಿಕೊಂಡು ಬರಲು ಹೊರಟೆ. ನಲವತ್ತು ವರ್ಷ ತಡವಾದ ಸ್ಥಳ ಪರಿಶೀಲನೆ ಎನ್ನಿ.

ಮೊದಲ ಸಲ ಹೋದದ್ದೇ ತಪ್ಪು ಹೊತ್ತಿನಲ್ಲಿ. ದೀಪಾವಳಿಗೆ ಎರಡು ವಾರ ಉಳಿದಿತ್ತು. ಗಲ್ಲಿಯ ತುಂಬ ಹಣತೆ. ಚಾಪೆಯ ಮೇಲೆ ಹಣತೆ, ಗೋಡೆಯ ಮೇಲೆ ಹಣತೆ, ನಿಂತ ಸ್ಕೂಟರಿನ ಸೀಟಿನ ಮೇಲೂ ಒಂದು ಸಾಲು. ಹೆಂಗಸರು ಬಣ್ಣ ಹಚ್ಚುತ್ತಿದ್ದರು, ಗಿರಾಕಿಗಳು ಚೌಕಾಶಿ ಮಾಡುತ್ತಿದ್ದರು, ಟೆಂಪೊ ಹಾರನ್ ಹೊಡೆಯುತ್ತಿತ್ತು. ಒಬ್ಬರನ್ನು ಮಾತಾಡಿಸಿದೆ. “ಎಷ್ಟು ಡಜನ್ ಬೇಕು?” ಎಂದು ಕೇಳಿದರು. ಬರೀ ನೋಡಲು ಬಂದೆ ಎನ್ನಲು ನಾಚಿಕೆಯಾಗಿ ಎರಡು ಡಜನ್ ಕೊಂಡು ವಾಪಸು ಬಂದೆ. ಗೌರಿ-ಗಣೇಶ ಹಬ್ಬಕ್ಕೆ ಮುಂಚೆಯೂ ಹೀಗೇ ಇರುತ್ತದಂತೆ. ಇಲ್ಲಿ ಮಣ್ಣಿನಿಂದ ಹುಟ್ಟಿದ ಎಷ್ಟೋ ಗಣಪತಿಗಳು ಹಲಸೂರು ಕೆರೆಯ ಕಲ್ಯಾಣಿಯಲ್ಲಿ ಮತ್ತೆ ಮಣ್ಣಾಗುತ್ತವೆ. ಗದ್ದಲ, ಬಣ್ಣ, ವ್ಯಾಪಾರ ನೋಡಬೇಕೆನ್ನುವವರು ಆ ದಿನಗಳಲ್ಲಿ ಹೋಗಲಿ. ಕೆಲಸ ನೋಡಬೇಕು, ನಾಲ್ಕು ಮಾತು ಆಡಬೇಕು ಎನ್ನುವವರು ಹಬ್ಬ ಮುಗಿದ ಮೇಲೆ ಬಿಸಿಲಿರುವ ದಿನ ಬೆಳಿಗ್ಗೆ ಹೋಗಬೇಕು.

ಎರಡನೇ ಸಲ ನವೆಂಬರ್ ಕೊನೆಗೆ ಹೋದೆ. ಕೆ.ಆರ್. ಪುರದಿಂದ ರೈಲಿನಲ್ಲಿ. ಮೆಟ್ರೊ ಬೇಡವೆಂದಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿದಾಗ, ಆ ವರ್ಷವೇ ನಿವೃತ್ತನಾದ ನಾನು ಕೆಲಸವಿಲ್ಲದೆ ಮೂರು ಸಲ ಹೋಗಿ ಬಂದವನು. ಈಗಿನ ಗುಲಾಬಿ ಮಾರ್ಗದ ಸುರಂಗ ನಿಲ್ದಾಣವೊಂದಕ್ಕೆ ಪಾಟರಿ ಟೌನ್ ಎಂದೇ ಹೆಸರಿಟ್ಟಿದ್ದಾರೆ, ಸಂತೋಷ. ಆದರೆ ಕಂಟೋನ್ಮೆಂಟಿಗೆ ರೈಲಿನಲ್ಲೇ ಬರಬೇಕು ಎಂಬುದು ನನ್ನ ಹಟ. ಮದರಾಸಿನ ಕಡೆಯಿಂದ 1864ರಲ್ಲಿ ಬೆಂಗಳೂರಿಗೆ ಮೊದಲ ರೈಲು ಬಂದು ನಿಂತದ್ದು ಈ ನಿಲ್ದಾಣದಲ್ಲಿ. ದಂಡು ಪ್ರದೇಶ ಬೆಳೆದಂತೆ ಸಿಪಾಯಿಗಳು, ಬಾಣಸಿಗರು, ಬಡಗಿಗಳು, ಕುಂಬಾರರು ಎಲ್ಲರೂ ಸುತ್ತ ನೆಲೆ ನಿಂತರು. ಪಾಟರಿ ಟೌನಿನ ಮನೆಗಳಲ್ಲಿ ಇಂದಿಗೂ ತಮಿಳು ಹೆಚ್ಚು ಕೇಳಿಸುತ್ತದೆ, ಗಿರಾಕಿಯ ಜೊತೆ ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲವೂ. ನಿಲ್ದಾಣದಿಂದ ಬೆನ್ಸನ್ ಟೌನ್ ಕಡೆಗೆ ಬಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಅತ್ತ ಫ್ರೇಜರ್ ಟೌನ್, ಅಂದರೆ ಪುಲಕೇಶಿನಗರದ ಕಡೆಯಿಂದ ಬರುವವರಿಗೆ ಪಾಟರಿ ರಸ್ತೆಯೇ ಇದೆ.

ಈ ಸಲ ಹಿರಿಯರೊಬ್ಬರು ಸಿಕ್ಕರು, ನನ್ನ ವಯಸ್ಸಿನವರೇ. ಕೂರಲು ಸ್ಟೂಲು ಕೊಟ್ಟರು. ಮಣ್ಣು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಹಿಂದೆ ಹತ್ತಿರದ ಕೆರೆಗಳಲ್ಲೇ ಸಿಗುತ್ತಿತ್ತು, ಈಗ ಆ ಕೆರೆಗಳ ಮೇಲೆ ಮನೆಗಳಿವೆ, ಊರಾಚೆಯಿಂದ ಲಾರಿಯಲ್ಲಿ ತರಿಸುತ್ತೇವೆ ಎಂದರು. ಬಂದ ಮಣ್ಣನ್ನು ನೆನೆಹಾಕಿ, ಕಲ್ಲು ಬೇರು ಆರಿಸಿ, ತುಳಿದು ತುಳಿದು ಹದ ಮಾಡಬೇಕು. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ನಂತರ ತಿಗರಿ. ಈಗ ಹೆಚ್ಚಿನವು ವಿದ್ಯುತ್ ಮೋಟಾರಿನವು. ಮುದ್ದೆಯ ನಡುವೆ ಎರಡು ಹೆಬ್ಬೆರಳು ಇಳಿದು, ಗೋಡೆ ಮೇಲೇಳುತ್ತದೆ. ನಮಗೆ ಕಾಣುವ ಚೋದ್ಯ ಅಷ್ಟೇ. ತಿಗರಿಯಿಂದ ದಾರದಲ್ಲಿ ಕೊಯ್ದು ಇಳಿಸಿದ ಮಡಕೆಯ ತಳ ಇನ್ನೂ ದಪ್ಪಗಿರುತ್ತದೆ. ತುಸು ಬಿಗಿದ ಮೇಲೆ ಒಳಗೆ ದುಂಡುಗಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳುವಾಗಿಸಿ ದುಂಡಗೆ ಮಾಡಬೇಕು. ಹಲಗೆಯ ಪೆಟ್ಟು ಒಂದು ತೂಕ ಹೆಚ್ಚಾದರೆ ತೂತು.

ಆಮೇಲೆ ಒಣಗಿಸುವುದು. ಹಿರಿಯರು ನನ್ನನ್ನು ಹಿಂದಿನ ಚಪ್ಪರಕ್ಕೆ ಕರೆದುಕೊಂಡು ಹೋದರು. ಮೇಲೆ ತಗಡು, ಕೆಳಗೆ ಸಾಲು ಸಾಲು ಹಸಿ ಮಡಕೆ, ಮೋಡದ ಬಣ್ಣ. ಮುಟ್ಟಬೇಡಿ ಎಂದರು, ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಮೊದಲು ನೆರಳಲ್ಲಿ ಒಣಗಬೇಕು, ಆಮೇಲೆ ಬಿಸಿಲಲ್ಲಿ. ಆತುರಪಟ್ಟರೆ ಬಿರುಕು. ಒದ್ದೆ ಉಳಿದದ್ದನ್ನು ಆವಿಗೆಗೆ ಇಟ್ಟರೆ ಒಳಗಿನ ನೀರು ಹಬೆಯಾಗಿ ಸಿಡಿಯುತ್ತದೆ, ಪಕ್ಕದ ಹತ್ತನ್ನೂ ಒಡೆಯುತ್ತದೆ. ಮಳೆ ಬಿದ್ದರಂತೂ ಎಲ್ಲವೂ ಕರಗಿ ಮತ್ತೆ ಮುದ್ದೆ.

ಇಲ್ಲೊಂದು ವಿಜ್ಞಾನ ಇದೆ, ಮಕ್ಕಳೇ. ಒಣಗಿದ ಹಸಿ ಮಡಕೆಯನ್ನು ನೀರಿಗೆ ಹಾಕಿದರೆ ಅದು ಪುನಃ ಮಣ್ಣಾಗುತ್ತದೆ. ಆದರೆ ಬೆಂಕಿಯಲ್ಲಿ 500-600 ಡಿಗ್ರಿ ದಾಟಿದ ಮೇಲೆ ಮಣ್ಣಿನ ಕಣದೊಳಗೇ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ. ಆಮೇಲೆ ನೂರು ವರ್ಷ ನೆನೆಸಿಟ್ಟರೂ ಅದು ತಿಗರಿಗೆ ಏರುವ ಮಣ್ಣಾಗುವುದಿಲ್ಲ. ನಮ್ಮ ಮಡಕೆಗಳು 700ರಿಂದ 900 ಡಿಗ್ರಿಯ ಆಸುಪಾಸಿನಲ್ಲಿ ಬೇಯುತ್ತವೆ. ಪಿಂಗಾಣಿಯಂತೆ ಕರಗಿ ಬಿಗಿಯುವುದಿಲ್ಲ, ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಅದು ಕೊರತೆಯಲ್ಲ. ಆ ರಂಧ್ರಗಳಿಂದ ನೀರು ಜಿನುಗಿ ಆರುವುದರಿಂದಲೇ ಹೂಜಿಯ ನೀರು ತಣ್ಣಗಿರುವುದು. ಚೀನಾದ ಎಂಥ ಚೆಂದದ ಹೂದಾನಿಯಲ್ಲಿ ಇಟ್ಟರೂ ನೀರು ಹಾಗೆ ತಂಪಾಗದು.

ಒಂದು ಮಡಕೆಗೆ ಪಡುವ ಶ್ರಮದಲ್ಲಿ ಸುಡುವುದರ ಪಾಲು ಎಷ್ಟು ಎಂದು ಕೇಳಿದೆ. ಲೆಕ್ಕದವನ ಪ್ರಶ್ನೆ. ಅವರು ನಕ್ಕರು. “ಆವಿಗೆಗೆ ಹೋಗೋ ಹೊತ್ತಿಗೆ ನಮ್ಮ ಕೆಲಸ ಮುಗಿದಿರುತ್ತೆ ಸಾರ್. ಆಮೇಲಿಂದು ಬೆಂಕಿ ಕೆಲಸ, ಸೌದೆ ಕೆಲಸ. ಈ ಚಪ್ಪರದಲ್ಲಿ ಇರೋದೇ ನಮ್ಮ ಆಸ್ತಿ.”

ತಗಡಿನ ಕೆಳಗೆ ನಿಂತು ಎಣಿಸಿದೆ. ಒಂದು ಸಾಲಿಗೆ ಇಪ್ಪತ್ತು, ಹದಿನೆಂಟು ಸಾಲು. ನಾನೂರಕ್ಕೆ ನಲವತ್ತು ಕಡಿಮೆ. ಅಂದು ಮಳೆಯಲ್ಲಿ ಹತ್ತು ನಿಮಿಷ ನಡೆದಿದ್ದರೆ ಕಣ್ಣಿಗೆ ಬೀಳುತ್ತಿದ್ದದ್ದು ಇದೇ, ತಗಡಿಲ್ಲದೆ.

ಅರ್ಜಿ ಹಾಕಿದವನ ಹೆಸರು ಹೇಳಿ ಗೊತ್ತೇ ಎಂದು ವಿಚಾರಿಸಿದೆ. ಆ ಹೆಸರಿನವರು ಮೂರು ನಾಲ್ಕು ಜನ ಇದ್ದರು, ಯಾವನು? ಮೂಲೆ ಮನೆಯವನಾ, ಕೆಲಸ ಬಿಟ್ಟು ಹೋದವನಾ? ನನಗೆ ಹೇಳಲಾಗಲಿಲ್ಲ. ಏನಾದರೂ ಬಾಕಿ ಇತ್ತಾ ಎಂದು ಕೇಳಿದರು. ಬ್ಯಾಂಕಿನವನು ಎಂದು ಮೊದಲೇ ಹೇಳಿದ್ದೆನಲ್ಲ, ಅವರಿಗೆ ಹಾಗನ್ನಿಸಿದ್ದು ಸಹಜ. ಅವನದ್ದೇನಿಲ್ಲ, ನನ್ನದೇ ಎಂದೆ. ಅವರು ಹೆಚ್ಚು ಕೇಳಲಿಲ್ಲ, ಟೀ ತರಿಸಿದರು. ಮೊಮ್ಮಗಳನ್ನು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕರೆದುಕೊಂಡು ಬನ್ನಿ, ಮೋಡ ಇಲ್ಲದಿದ್ದರೆ ತಿಗರಿ ಓಡಿಸುತ್ತಿರುತ್ತೇನೆ, ಅವಳಿಗೂ ಒಂದು ಮುದ್ದೆ ಕೊಡುತ್ತೇನೆ ಎಂದರು.

ಮನೆಗೆ ಬಂದು ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ, ಸಾಲದ ಅರ್ಜಿಯ ಕಥೆಯನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಮಡಕೆ ಆ ಮಳೇಲಿ ಏನಾಯ್ತು?” ಎಂದಳು. ಗೊತ್ತಿಲ್ಲ ಎಂದೆ.

ಈಗ ಶನಿವಾರಕ್ಕೆ ಪಟ್ಟಿ ಸಿದ್ಧವಾಗಿದೆ. ಹೋಗಬೇಕೆನ್ನುವ ಇತರರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ಅದು ಪ್ರದರ್ಶನ ಶಾಲೆಯಲ್ಲ, ಜನರ ಮನೆ ಮತ್ತು ಅಂಗಳ. ಟಿಕೆಟ್ ಇಲ್ಲ, ಗೈಡ್ ಇಲ್ಲ. ಫೋಟೊ ತೆಗೆಯುವ ಮುಂಚೆ ಕೇಳಬೇಕು. ಒಣಗಲು ಇಟ್ಟದ್ದನ್ನು ಮುಟ್ಟಬಾರದು, ದಾಟಬಾರದು. ಹಳೆಯ ಬಟ್ಟೆ, ಜೊತೆಗೆ ಬದಲಿಸಲು ಒಂದು ಜೊತೆ. ಗಟ್ಟಿ ಕೈಚೀಲ, ಹಳೆಯ ಪತ್ರಿಕೆಗಳು. ಅರ್ಧ ದಿನ ಅವರ ಕೆಲಸ ನೋಡಿ ಬರಿಗೈಯಲ್ಲಿ ಬರುವುದು ಚೆಂದವಲ್ಲ, ಹೂಜಿಯೋ ಹೂಕುಂಡವೋ ಕೊಳ್ಳಿ, ಹೇಳಿದ ಬೆಲೆ ಕೊಡಿ. ಮಾಲ್‌ನಲ್ಲಿ ಇಲ್ಲದ ಚೌಕಾಶಿ ಇಲ್ಲಿ ಯಾಕೆ? ತಂದ ಹೊಸ ಹೂಜಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಆಮೇಲೆ ಬಳಸಿ, ಮಣ್ಣಿನ ವಾಸನೆ ಹದಕ್ಕೆ ಬರುತ್ತದೆ.

ಚೀನಾದ ಪಿಂಗಾಣಿಯನ್ನೇ ನೋಡಬೇಕೆಂಬ ಹಟದವರು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂಗೆ ಹೋಗಬಹುದು. ಹಂಪಿಯಲ್ಲಿ ಗಣ್ಯರ ವಸತಿ ಪ್ರದೇಶ ಅಗೆದಾಗಲೂ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ವಿಜಯನಗರದವರ ಮನೆಯಲ್ಲೂ ಯಾವುದೋ ಮೊಮ್ಮಗಳ ಮೊಣಕೈ ತಗುಲಿರಬೇಕು ಎಂಬುದು ನನ್ನಾಕೆಯ ಊಹೆ. ನಮ್ಮ ಜಾಡಿಯ ದೊಡ್ಡ ಚೂರೊಂದನ್ನು ಮೊಮ್ಮಗಳು ಎಸೆಯಲು ಬಿಟ್ಟಿಲ್ಲ. ಶನಿವಾರ ಅದನ್ನು ಹಿರಿಯರಿಗೆ ತೋರಿಸಿ, ಇದನ್ನು ಎಷ್ಟು ಬಿಸಿಯಲ್ಲಿ ಸುಟ್ಟಿರಬಹುದು ಎಂದು ಕೇಳಬೇಕಂತೆ.

ಕೊಳ್ಳುವ ಸಾಮಾನಿನ ಪಟ್ಟಿಯನ್ನು ಅವಳೇ ಬರೆದಿದ್ದಾಳೆ, ನನ್ನ ಲೆಡ್ಜರಿನ ಹಾಳೆಯಲ್ಲಿ. ಅಜ್ಜಿಗೆ ಉಪ್ಪಿನಕಾಯಿ ಹಾಕಲು ಬೇರೆ ಜಾಡಿ, ಅದು ಶಿವಾಜಿನಗರದಲ್ಲಿ. ಹೂಜಿ ಒಂದು. ಮನೆಯ ತುಳಸಿಗೆ ಕುಂಡ ಒಂದು. ಕೊನೆಯ ಸಾಲಿನಲ್ಲಿ ‘ಹಸಿ ಮಡಕೆ, ಒಂದು’ ಎಂದಿದೆ. ರೈಲಿನಲ್ಲಿ ಉಳಿಯುವುದಿಲ್ಲ ಕಣೇ ಎಂದೆ. ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ ಎಂದಳು. ಅದರ ಎದುರಿನ ದರದ ಕಾಲಂ ಖಾಲಿ ಇದೆ. ಅಲ್ಲಿ ಕೇಳಿ ತುಂಬುತ್ತಾಳಂತೆ.